ಗುರುವಾರ ಐದೂವರೆ, ಉತ್ತರ ಬೇಡ

ಮಾರ್ಚ್ 3, ಭಾನುವಾರ

ಒಂದು ಕಪ್ ಚಹಾಕ್ಕೆ ನೂರಾ ನಲವತ್ತಮೂರು ಮೆಸೇಜು. ಕೂತು ಎಣಿಸಿದ್ದೇನೆ.

ನಾವಿರುವುದೇ ನಾಲ್ಕು ಜನ. ಆಸ್ಪತ್ರೆಯ ನರ್ಸಮ್ಮ, ಶಾಲೆಯಲ್ಲಿ ಮಕ್ಕಳನ್ನು ಓಡಿಸುವ ಪೀಟಿ ಮೇಡಂ, ಬಟ್ಟೆ ಹೊಲಿಯುವ ಟೈಲರ್, ಮತ್ತೆ ಬಸ್ ಡಿಪೋದಲ್ಲಿ ಡ್ಯೂಟಿ ಚಾರ್ಟ್ ಬರೆಯುವ ನಾನು. ಇಪ್ಪತ್ತೆರಡು ವರ್ಷದ ಹಿಂದೆ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಆಗ ಗೋಡೆ ತಟ್ಟಿದರೆ ಸಾಕಿತ್ತು, ಮೂರು ಬಾಗಿಲೂ ತೆರೆದುಕೊಳ್ಳುತ್ತಿದ್ದವು. ಈಗ ಊರಿನ ನಾಲ್ಕು ಮೂಲೆಗಳಲ್ಲಿದ್ದೇವೆ. ಒಮ್ಮೆ ಸೇರಬೇಕೆಂದರೆ ಹೆಣಗಾಡಿ ಸಾಕಾಗುತ್ತದೆ.

"ಭಾನುವಾರ ಸಿಗೋಣ್ವಾ?" ಎಂದು ನಾನು ಹಾಕಿದ್ದು ಕಳೆದ ಸೋಮವಾರ. ನರ್ಸಮ್ಮ "ಶಿಫ್ಟ್ ನೋಡಿ ಹೇಳ್ತೀನಿ" ಎಂದಳು. ಪೀಟಿ "ಶನಿವಾರ ಆದ್ರೆ?" ಎಂದಳು. ನರ್ಸಮ್ಮ ಶನಿವಾರಕ್ಕೆ ಹೂಂ ಅನ್ನುವ ಹೊತ್ತಿಗೆ ಪೀಟಿಗೆ ಅದೇ ಶನಿವಾರ ವಾಲಿಬಾಲ್ ಪಂದ್ಯ ಬಂತು. ಟೈಲರ್ ಮಾತ್ರ ಎಲ್ಲದಕ್ಕೂ ಹೆಬ್ಬೆರಳು ಎತ್ತಿದಳು. ಭಾನುವಾರಕ್ಕೂ ಹೆಬ್ಬೆರಳು, ಶನಿವಾರಕ್ಕೂ ಹೆಬ್ಬೆರಳು, "ಹಾಗಾದ್ರೆ ನಿನಗೆ ಯಾವ ದಿನ ಆಗುತ್ತೆ?" ಎಂದು ಕೇಳಿದ್ದಕ್ಕೂ ಹೆಬ್ಬೆರಳೇ. ಕೊನೆಗೆ ಇವತ್ತು ನಾಲ್ಕು ಗಂಟೆ ಎಂದು ಗೊತ್ತಾಯಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಕೂತೆ. ಐದೂ ಹತ್ತರವರೆಗೆ ಕೂತೆ. ಬಂದದ್ದು "ಅಯ್ಯೋ ಸಾರಿ" ಎಂಬ ಎರಡು ಮೆಸೇಜು ಮಾತ್ರ. ಟೈಲರ್‌ದು ಅದೂ ಇಲ್ಲ.

ನೂರಾ ಅರವತ್ತು ಡ್ರೈವರುಗಳನ್ನು ದಿನಾ ಹೊತ್ತಿಗೆ ಸರಿಯಾಗಿ ಬಸ್ಸು ಹತ್ತಿಸುವವಳು ನಾನು. ಮೂರು ಹೆಂಗಸರನ್ನು ಒಂದು ಮೇಜಿನ ಮುಂದೆ ಕೂರಿಸಲು ಆಗುವುದಿಲ್ಲವೆಂದರೆ ಮೈಯೆಲ್ಲ ಉರಿಯುವುದಿಲ್ಲವೇ? ಊಟವಾದ ಮೇಲೆ ಡಿಪೋದ ಹಾಜರಿ ಪಟ್ಟಿಯ ಮಾದರಿಯಲ್ಲೇ ಗೆರೆ ಎಳೆದು, ಕಳೆದ ಆರು ಬಾರಿ ಯಾರು ಬಂದರು, ಯಾರು ಕೈಕೊಟ್ಟರು ಎಂದು ಚಾರ್ಟ್ ಬರೆದೆ. ಬಾರದವರ ಚೌಕದಲ್ಲಿ ಕೆಂಪು ಶಾಯಿ. ಕೆಳಗೆ ಆಫೀಸಿನ ಭಾಷೆಯಲ್ಲಿ: "ಟೈಲರ್: ನಾಲ್ಕು ಬಾರಿ ಅನಧಿಕೃತ ಗೈರು. ಕಾರಣ ಕೇಳಿ ನೋಟಿಸ್ ನೀಡಲಾಗಿದೆ. ಏಳು ದಿನದೊಳಗೆ ಉತ್ತರಿಸತಕ್ಕದ್ದು." ಓದಿ ನಾನೇ ನಕ್ಕೆ. ಫೋಟೋ ತೆಗೆದು ನಮ್ಮ ವಾಟ್ಸ್ಯಾಪ್ ಗುಂಪಿಗೆ ಹಾಕುವಾಗ ಮನೆಯವರು ಹೆಗಲ ಮೇಲಿಂದ ಇಣುಕಿ, "ಕಳಿಸ್ಬೇಡ. ಅವರು ನಿನ್ನ ಡ್ರೈವರುಗಳಲ್ಲ" ಎಂದರು. ತಮಾಷೆ ಅರ್ಥವಾಗದವರ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ. ಕಳಿಸಿದೆ.

ಮಾರ್ಚ್ 4, ಸೋಮವಾರ

ಟೈಲರ್ ಗುಂಪು ಬಿಟ್ಟು ಹೋದಳು. ಬೆಳಿಗ್ಗೆ ಹನ್ನೊಂದೂಕಾಲಿಗೆ ಬೂದು ಅಕ್ಷರದಲ್ಲಿ ಒಂದು ಸಾಲು ಬಂತು, ಅಷ್ಟೆ.

ಹೋದರೆ ಹೋಗಲಿ. ನಾಲ್ಕು ಸಲ ಬಾರದವಳು ಅವಳು, ಮುಖ ಊದಿಸಿಕೊಳ್ಳುವವಳೂ ಅವಳೇ.

ಮಾರ್ಚ್ 5, ಮಂಗಳವಾರ

ನರ್ಸಮ್ಮ ಫೋನ್ ಮಾಡಿದ್ದಳು. "ಅವಳ ಮೇಲೆ ನೋಟಿಸ್ ಹಾಕ್ಬಾರ್ದಿತ್ತು ಕಣೆ."

"ಯಾಕೆ? ಅವಳೇನು ಮಹಾರಾಣಿನಾ?"

"ಯಾಕೆ ಅಂತ ಕೇಳ್ಬೇಡ. ಹಾಕ್ಬಾರ್ದಿತ್ತು, ಅಷ್ಟೆ."

ಏನೋ ಗೊತ್ತಿದ್ದು ಹೇಳುತ್ತಿಲ್ಲ. ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ. ಟೈಲರ್‌ಗೆ ಫೋನ್ ಮಾಡೋಣವೆಂದು ನಂಬರ್ ತೆಗೆದೆ, ಆಮೇಲೆ ನಾನೇಕೆ ಮೊದಲು ಮಾಡಬೇಕು ಎನಿಸಿ ಫೋನನ್ನು ಮಗುಚಿಟ್ಟೆ. ಅದೂ ಅಲ್ಲದೆ ಕಳೆದ ತಿಂಗಳು ಮನೆಯವರಿಗೆ ಅವಳು ಹೊಲಿದ ಬಿಳಿ ಅಂಗಿಯಲ್ಲಿ ಎರಡು ಗುಂಡಿಗಳಿಗೆ ನೀಲಿ ದಾರ ಹಾಕಿದ್ದಾಳೆ. ಇತ್ತೀಚೆಗೆ ಕೆಲಸದ ಮೇಲೂ ಗಮನವಿಲ್ಲ, ಗೆಳತಿಯರ ಮೇಲೂ ಇಲ್ಲ.

ಮಾರ್ಚ್ 9, ಶನಿವಾರ

ಇವತ್ತು ನನಗೊಂದು ಬುದ್ಧಿ ಬಂತು. ನಿಜ ಹೇಳಬೇಕೆಂದರೆ ಬೇರೆಯವರಿಂದ ಬಂತು.

ಡಿಪೋದ ಗೇಟಿನ ಪಕ್ಕ ಒಂದು ಕಬ್ಬಿಣದ ಬೆಂಚಿದೆ. ಯಾರಾದರೂ ರಜೆ ಹಾಕಿದರೆ ಅವರ ಬದಲಿಗೆ ಹೋಗಲು ಕಾಯುವ ಡ್ರೈವರುಗಳು ಅಲ್ಲಿ ಕೂರುತ್ತಾರೆ. ಡ್ಯೂಟಿ ಮುಗಿಸಿ ಬಂದವರೂ ಅಲ್ಲಿಗೇ ಬಂದು ಐದು ನಿಮಿಷವೋ ಐವತ್ತು ನಿಮಿಷವೋ ಕೂತು ಹೋಗುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾಳಿ, ನಾನೇ ಬರೆದದ್ದು. ಆದರೂ ಆ ಬೆಂಚು ಖಾಲಿ ಇದ್ದದ್ದನ್ನು ಹದಿನೆಂಟು ವರ್ಷದಲ್ಲಿ ನಾನು ನೋಡಿಲ್ಲ. ಇವತ್ತು ಅಲ್ಲಿದ್ದ ಹಿರಿಯ ಡ್ರೈವರಣ್ಣನನ್ನು ಕೇಳಿದೆ: "ಅಣ್ಣಾ, ಯಾರು ಯಾವಾಗ ಬರ್ತಾರೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ ಮೇಡಂ."

"ಮತ್ತೆ ಕೇಳಲ್ವಾ?"

"ಬರ್ತೀಯಾ ಅಂತ ಕೇಳಿದ್ರೆ ಮನುಷ್ಯ ಯೋಚನೆ ಮಾಡ್ತಾನೆ. ಯೋಚನೆ ಮಾಡಿದ್ರೆ ಬರಲ್ಲ. ಕೇಳ್ದೆ ಇದ್ರೆ ಬಂದ್ಬಿಡ್ತಾನೆ."

ಡ್ಯೂಟಿ ಚಾರ್ಟ್ ಬರೆಯುವವಳು ನಾನು, ಪಾಠ ಹೇಳಿದ್ದು ಅವರು. ಮನೆಗೆ ಬಂದು ಗುಂಪಿಗೆ ಒಂದೇ ಒಂದು ಮೆಸೇಜು ಹಾಕಿದೆ: "ಪ್ರತಿ ಗುರುವಾರ ಸಂಜೆ ಐದೂವರೆಯಿಂದ ಏಳರವರೆಗೆ ಡಿಪೋ ಎದುರಿನ ಬೇಕರಿಯಲ್ಲಿ ನಾನಿರುತ್ತೇನೆ. ಬರುವವರು ಬನ್ನಿ. ಬರ್ತೀನಿ ಅನ್ನಬೇಡಿ, ಬರಲ್ಲ ಅನ್ನಬೇಡಿ. ಉತ್ತರ ಬೇಡ."

ಪೀಟಿ ಕೂಡಲೇ "ಓಕೆ" ಎಂದು ಉತ್ತರ ಹಾಕಿದಳು. ಮೂದೇವಿ.

ಟೈಲರ್ ಗುಂಪಿನಲ್ಲಿಲ್ಲ. ಇಲ್ಲದವರಿಗೆ ನಾನು ಹೇಗೆ ತಿಳಿಸಲಿ?

ಮಾರ್ಚ್ 14, ಗುರುವಾರ

ಯಾರೂ ಬರಲಿಲ್ಲ. ತೊಂಬತ್ತು ನಿಮಿಷ, ಮೂರು ಚಹಾ, ಎರಡು ಬನ್ನು. ಬೇಕರಿಯಾತ ಮೂರನೆಯ ಸಲ ಮೇಜು ಒರೆಸಿದಾಗ ನನಗೇ ಕನಿಕರ ಹುಟ್ಟಿತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ಎಲ್ಲಿದ್ದೀರ್ರೇ?" ಎಂದು ಬರೆಯಲು ಬೆರಳು ತುರಿಸುತ್ತಿತ್ತು. ಬರೆದರೆ ನನ್ನ ಕಾನೂನನ್ನು ನಾನೇ ಮುರಿದಂತೆ. ಫೋನನ್ನು ಚೀಲದ ತಳಕ್ಕೆ ತುರುಕಿ ಕೂತೆ.

ಮಾರ್ಚ್ 21, ಗುರುವಾರ

ಆರೂ ಹತ್ತಕ್ಕೆ ನರ್ಸಮ್ಮ ಸಮವಸ್ತ್ರದಲ್ಲೇ ಓಡಿ ಬಂದಳು! "ಇಪ್ಪತ್ತೇ ನಿಮಿಷ, ಬಸ್ಸು ಬರೋವರೆಗೆ" ಎಂದಳು. ನನ್ನ ಅರ್ಧ ಬನ್ನು ಕಿತ್ತುಕೊಂಡು ತಿಂದಳು. ಒಬ್ಬ ರೋಗಿ ಚುಚ್ಚುಮದ್ದಿಗೆ ಹೆದರಿ ಮಂಚದ ಕೆಳಗೆ ಅವಿತುಕೊಂಡ ಕಥೆ ಹೇಳಿದಳು. ವಯಸ್ಸು ಐವತ್ತಾರು, ಕೆಲಸ ಪೊಲೀಸು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಅವಳು ಹೋದ ಮೇಲೂ ಏಳರವರೆಗೆ ಕೂತಿದ್ದೆ. ಹೇಳಿದ ಮೇಲೆ ಕೂರಬೇಕಲ್ಲ.

ಮಾರ್ಚ್ 28, ಗುರುವಾರ

ನರ್ಸಮ್ಮ ಮತ್ತು ಪೀಟಿ ಇಬ್ಬರೂ ಬಂದರು. ಪೀಟಿಯ ಕೊರಳಿನಲ್ಲಿ ಸೀಟಿ ನೇತಾಡುತ್ತಲೇ ಇತ್ತು. ಮೂವರ ನಡುವೆ ಒಂದು ಮೆಸೇಜೂ ಓಡಾಡಿಲ್ಲ, ನೋಡಿ! ಯಾರಿಗೆ ಹೇಳುತ್ತಿದ್ದೇನೆ, ಈ ಪುಸ್ತಕ ಓದುವವಳು ನಾನೊಬ್ಬಳೇ.

ಮಾತಿನ ನಡುವೆ ನೀಲಿ ದಾರದ ಗುಂಡಿಯ ಕಥೆ ಹೇಳಿ ನಗಿಸಲು ಹೋದೆ. ಪೀಟಿ ನಕ್ಕಳು. ನರ್ಸಮ್ಮ ಚಹಾದ ಲೋಟವನ್ನು ಸುಮ್ಮನೆ ತಿರುಗಿಸುತ್ತ ಕೂತಳು. ನಾಲ್ಕನೆಯ ಕುರ್ಚಿ ಖಾಲಿ ಇತ್ತು, ಅದರ ಮೇಲೆ ನಮ್ಮ ಚೀಲಗಳನ್ನು ಇಟ್ಟಿದ್ದೆವು. ಮೇಲೆದ್ದಾಗ ನಾನೇ ಏಕೋ ಅವನ್ನು ತೆಗೆದು ಕುರ್ಚಿಯನ್ನು ಮೇಜಿಗೆ ಸರಿಯಾಗಿ ಸರಿಸಿ ಬಂದೆ.

ಏಪ್ರಿಲ್ 2, ಮಂಗಳವಾರ

ಇವತ್ತಿನದನ್ನು ಬರೆಯಲೇಬೇಕು, ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಟೈಲರ್ ಮಗಳು ಕಾಲೇಜಿನ ಬಸ್ ಪಾಸ್ ನವೀಕರಿಸಲು ಡಿಪೋಗೆ ಬಂದಿದ್ದಳು. ನನ್ನನ್ನು ಕಿಟಕಿಯಲ್ಲಿ ಕಂಡು ಹಿಂದೆ ಸರಿದಳು. ಹುಟ್ಟಿದಾಗ ತೊಟ್ಟಿಲು ತೂಗಿದವಳು ನಾನು, ನನ್ನನ್ನು ಕಂಡು ಹಿಂದೆ ಸರಿಯುವುದೇ! ಒಳಗೆ ಕರೆದು ಕೂರಿಸಿದೆ. "ಅಮ್ಮನಿಗೆ ಇನ್ನೂ ಸಿಟ್ಟು ಇಳಿದಿಲ್ವಾ?" ಎಂದೆ.

ಹುಡುಗಿ ಪಾಸಿನ ಅಂಚನ್ನು ಕೆರೆದಳು. "ಅಮ್ಮನಿಗೆ ಸಿಟ್ಟಿಲ್ಲ ಚಿಕ್ಕಮ್ಮ. ಅಮ್ಮನಿಗೆ ಕಣ್ಣು ಕಾಣ್ತಿಲ್ಲ."

ಎಂಟು ತಿಂಗಳಾಯಿತಂತೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನೊಳಗೆ ರಕ್ತ ಒಸರಿದೆ. ನರ್ಸಮ್ಮನ ಆಸ್ಪತ್ರೆಯಲ್ಲೇ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಿದ್ದಾರೆ, ಕೊಟ್ಟ ಮೇಲೆ ಮೂರ್ನಾಲ್ಕು ದಿನ ಎಲ್ಲ ಮಸುಕು. ನಾನು ಕೆಂಪು ಶಾಯಿ ಹಾಕಿದ ನಾಲ್ಕು ದಿನಗಳೂ ಅವೇ. ಇನ್ನು ಕೆಡುವುದಿಲ್ಲ, ಆದರೆ ಹೋದದ್ದು ಪೂರ್ತಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಟೈಲರ್‌ಗೆ ಕಣ್ಣು ಕಾಣುವುದಿಲ್ಲವೆಂದು ತಿಳಿದರೆ ಯಾರು ಬಟ್ಟೆ ಕೊಡುತ್ತಾರೆ? ಅದಕ್ಕೇ ಯಾರಿಗೂ ಹೇಳಬಾರದೆಂದು ನರ್ಸಮ್ಮನಿಂದ ಆಣೆ ಹಾಕಿಸಿಕೊಂಡಿದ್ದಾಳೆ.

"ಮೆಸೇಜು ಎಲ್ಲ ನಾನೇ ಓದಿ ಹೇಳೋದು. ನಾನಿಲ್ದಿದ್ರೆ ಅಮ್ಮ ಹೆಬ್ಬೆರಳು ಒತ್ತಿ ಬಿಡ್ತಾರೆ, ಅದೆಲ್ಲಿದೆ ಅಂತ ಕೈಗೆ ಅಭ್ಯಾಸ ಆಗಿದೆ" ಎಂದಳು. ಆಮೇಲೆ ತಲೆ ತಗ್ಗಿಸಿ, "ನೀವು ಆ ಚಾರ್ಟ್ ಹಾಕಿದ್ರಲ್ಲ, ಬೆಳಿಗ್ಗೆ ಅಂಗಡೀಲಿ ಇಬ್ಬರು ಗಿರಾಕಿಗಳಿದ್ರು. ಅಮ್ಮ, 'ಜೋರಾಗಿ ಓದು, ಇವಳು ಬಹಳ ತಮಾಷೆಯಾಗಿ ಬರೀತಾಳೆ' ಅಂದ್ರು. ನಾನು ಜೋರಾಗಿ ಓದಿದೆ ಚಿಕ್ಕಮ್ಮ" ಎಂದಳು.

ಇಬ್ಬರು ಗಿರಾಕಿಗಳ ಮುಂದೆ. ಮಗಳ ಬಾಯಿಂದ. ಜೋರಾಗಿ.

ತಾನು ಹೇಳಿದ್ದು ಅಮ್ಮನಿಗೆ ಗೊತ್ತಾಗಬಾರದು ಎಂದು ಹುಡುಗಿ ಕೈ ಹಿಡಿದು ಕೇಳಿಕೊಂಡಳು. ಆಯಿತು ಎಂದೆ. ಅವಳು ಹೋದ ಮೇಲೆ ನಾಳೆಯ ಚಾರ್ಟಿನಲ್ಲಿ ಒಂದೇ ಬಸ್ಸಿಗೆ ಇಬ್ಬರು ಡ್ರೈವರುಗಳನ್ನು ಹಾಕಿದೆ. ನನಗೆ ನನ್ನ ಬಗ್ಗೆ ಇಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಏಪ್ರಿಲ್ 3, ಬುಧವಾರ

ಅರ್ಧ ದಿನ ರಜೆ ಹಾಕಿ ಅವಳ ಅಂಗಡಿಗೆ ಹೋದೆ. ಬಾಗಿಲಲ್ಲಿ ನಿಂತೆ. ಹೊಲಿಯುತ್ತಿದ್ದವಳು ತಲೆ ಎತ್ತಿ, "ಯಾರು ಬೇಕಾಗಿತ್ತು?" ಎಂದಳು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ.

"ನಾನು ಕಣೆ."

ಯಂತ್ರದ ಚಕ್ರದ ಮೇಲೆ ಅವಳ ಕೈ ನಿಂತಿತು. "ಓ. ನೋಟಿಸಿಗೆ ಉತ್ತರ ತಗೊಂಡು ಹೋಗೋಕೆ ಬಂದ್ಯಾ?"

"ಇಲ್ಲ. ತಪ್ಪಾಯ್ತು ಅಂತ ಹೇಳೋಕೆ ಬಂದೆ. ತಮಾಷೆ ಅಂದ್ಕೊಂಡು ಮಾಡಿದೆ. ತಮಾಷೆ ಆಗಿರ್ಲಿಲ್ಲ, ಅಹಂಕಾರ ಆಗಿತ್ತು. ನನ್ನನ್ನ ಕ್ಷಮಿಸು."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಇದಕ್ಕಿಂತ ಚೆನ್ನಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಆಯ್ತು, ಕೇಳಿಸ್ತು. ನನಗೆ ಕೆಲಸ ಇದೆ" ಎಂದಳು.

ಗುರುವಾರದ ಬೇಕರಿಯ ವಿಷಯ ಹೇಳಿದೆ. ಬರುವುದನ್ನೂ ಹೇಳಬೇಕಿಲ್ಲ, ಬಾರದಿರುವುದನ್ನೂ ಹೇಳಬೇಕಿಲ್ಲ ಎಂದೆ. "ಅಷ್ಟು ದೂರ ನನಗೆ ಆಗಲ್ಲ" ಎಂದು ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಿದಳು. ಯಂತ್ರ ಶುರುವಾದ ಮೇಲೆ ಮಾತಾಡಲು ಆಗಲಿಲ್ಲ.

ವಾಪಸು ಬರುವಾಗ ಡಿಪೋ ಮುಂದಿನ ರಸ್ತೆ ದಾಟಲು ನಾನು ಐದು ನಿಮಿಷ ನಿಲ್ಲಬೇಕಾಯಿತು. ನಾಲ್ಕು ಸಾಲು ವಾಹನ, ದೀಪವಿಲ್ಲದ ತಿರುವು. ಆ ಬೇಕರಿಯನ್ನು ಆರಿಸಿದ್ದು ನನಗೆ ಹತ್ತಿರವೆಂದು. ಬೇರೆಯವರಿಗೆ ಹೇಗೆಂದು ಯೋಚಿಸಿರಲೇ ಇಲ್ಲ.

ಏಪ್ರಿಲ್ 4, ಗುರುವಾರ

ಬೇಕರಿಯಲ್ಲಿ ಹೇಳಿದೆ: "ಮುಂದಿನ ವಾರದಿಂದ ಟೈಲರ್ ಅಂಗಡಿ ಪಕ್ಕ ಕೂರೋಣ. ಅಲ್ಲಿ ಜೆರಾಕ್ಸ್ ಅಂಗಡಿ ಮುಚ್ಚಿದೆ, ಅದರ ಮೆಟ್ಟಿಲು ಖಾಲಿ ಇದೆ. ಅವಳಿಗೆ ರಸ್ತೆ ದಾಟೋದು ಕಷ್ಟ."

ನರ್ಸಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ "ಸದ್ಯ!" ಎಂದು ಇನ್ನೊಂದು ಬನ್ನು ತರಿಸಿದಳು.

"ಯಾಕೆ, ಅವಳಿಗೇನಾಗಿದೆ?" ಎಂದಳು ಪೀಟಿ.

"ಅವಳೇ ಹೇಳ್ತಾಳೆ, ಹೇಳ್ಬೇಕು ಅನ್ನಿಸಿದಾಗ" ಎಂದಳು ನರ್ಸಮ್ಮ. ಪೀಟಿ ಮತ್ತೆ ಕೇಳಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವಳು.

ಏಪ್ರಿಲ್ 11, ಗುರುವಾರ

ಫ್ಲಾಸ್ಕಿನಲ್ಲಿ ಚಹಾ ತುಂಬಿಸಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತೆವು. ಪಕ್ಕದಲ್ಲೇ ಅವಳ ಅಂಗಡಿ, ನಡುವೆ ಒಂದು ಗೋಡೆ. ನಾವು ಕರೆಯಲಿಲ್ಲ. ಒಮ್ಮೆ ಅವಳು ಬಾಗಿಲಿಗೆ ಬಂದು "ಏನಿದು?" ಎಂದಳು.

"ಚಹಾ ಕುಡೀತಿದ್ದೀವಿ" ಎಂದಳು ಪೀಟಿ.

"ಊರಲ್ಲಿ ಬೇರೆ ಜಾಗ ಇಲ್ವಾ?"

"ಇದೆ. ಇಲ್ಲಿ ಗಾಳಿ ಚೆನ್ನಾಗಿದೆ."

ಒಳಗೆ ಹೋಗಿ ಯಂತ್ರವನ್ನು ಎಷ್ಟು ಜೋರಾಗಿ ತುಳಿದಳೆಂದರೆ ನಾವು ಕಿರುಚಿಕೊಂಡು ಮಾತಾಡಬೇಕಾಯಿತು. ಮನೆಗೆ ಬಂದಾಗ ಗಂಟಲು ಕಟ್ಟಿತ್ತು. ಮನೆಯವರು, "ಗೆಳತಿಯರ ಜೊತೆ ಹೋಗಿದ್ದೆಯೋ, ಮೆರವಣಿಗೆಗೋ?" ಎಂದರು.

ಏಪ್ರಿಲ್ 18, ಗುರುವಾರ

ನರ್ಸಮ್ಮನಿಗೆ ಪಾಳಿ, ನಾನು ಮತ್ತು ಪೀಟಿ ಕೂತೆವು. ಅವಳ ಹೆಡ್‌ಮಾಸ್ಟರು ಆಟದ ಸಾಮಾನಿನ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡ ಕಥೆ. ಒಳಗಿನಿಂದ ಸೀಟಿ ಊದಿ ಊದಿ ಕರೆದರಂತೆ, ಮಕ್ಕಳೆಲ್ಲ ಸೀಟಿ ಕೇಳಿ ಮೈದಾನದಲ್ಲಿ ಸಾಲಾಗಿ ನಿಂತರಂತೆ. ಅಷ್ಟರಲ್ಲಿ ಬಸ್ಸು ಬಂತು, ಮುಂದೇನಾಯಿತೋ ತಿಳಿಯಲಿಲ್ಲ. ಕಥೆಯ ನಡುವೆ ಒಳಗೆ ಯಂತ್ರ ಎರಡು ಮೂರು ಬಾರಿ ನಿಂತಿತು. ದಾರ ತುಂಡಾಗಿರಬೇಕು.

ಎದುರಿನ ಮನೆಯ ಬಾಲ್ಕನಿಯಲ್ಲಿ ಒಬ್ಬ ಅಜ್ಜಿ ಗಿಡಗಳಿಗೆ ನೀರು ಹಾಕುತ್ತಿರುತ್ತಾರೆ. ಇವತ್ತು ನಮಗೆ ಕೈ ಬೀಸಿದರು. ಸಂಜೆ ಚೆನ್ನಾಗಿತ್ತು.

ಏಪ್ರಿಲ್ 25, ಗುರುವಾರ

ನಾನು ಹೋದಾಗ ಇಬ್ಬರೂ ಆಗಲೇ ಕೂತು ನನ್ನ ಪಾಲಿನ ಬಿಸ್ಕತ್ತನ್ನೂ ಮುಗಿಸಿದ್ದರು. ಏನು ಮಾತಾಡುತ್ತಿದ್ದೆವೋ ನೆನಪಿಲ್ಲ. ಒಳಗೆ ಯಂತ್ರ ನಿಂತಿತು. ಮತ್ತೆ ಶುರುವಾಗಲಿಲ್ಲ.

ಗೋಡೆಯನ್ನು ಅಂಗೈಯಿಂದ ಸವರಿಕೊಂಡು ಅವಳು ಹೊರಗೆ ಬಂದಳು. ಇನ್ನೊಂದು ಕೈಯಲ್ಲಿ ಒಂದು ತಗಡಿನ ಡಬ್ಬಿ. "ಸ್ವಲ್ಪ ಸರ್ಕೊಳ್ರೇ" ಎಂದಳು. ನಾನೂ ಪೀಟಿಯೂ ಎಷ್ಟು ಗಡಿಬಿಡಿಯಿಂದ ಸರಿದೆವೆಂದರೆ ಫ್ಲಾಸ್ಕ್ ಉರುಳಿ ಬಿತ್ತು. ನಮ್ಮಿಬ್ಬರ ನಡುವೆ ಕೂತಳು.

"ಎರಡು ವಾರದಿಂದ ಕೇಳ್ತಿದ್ದೀನಿ, ನಿಮ್ಮ ಮಾತಿಗೆ ತಲೆಬುಡ ಒಂದೂ ಇಲ್ಲ. ಆ ಹೆಡ್‌ಮಾಸ್ಟರು ಹೊರಗೆ ಬಂದ್ರೋ ಇಲ್ವೋ? ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದ್ರಿ. ಒಂದು ವಾರ ಒದ್ದಾಡಿದೀನಿ ನಾನು!"

ಪೀಟಿ ಬಾಯಿ ತೆರೆದಳು, ಅವಳಿಗೆ ನಗುವೇ ಮೊದಲು ಬಂತು. ಹೆಡ್‌ಮಾಸ್ಟರು ಕಿಟಕಿಯಿಂದ ಇಳಿಯಲು ಹೋಗಿ ವಾಲಿಬಾಲ್ ಬಲೆಯಲ್ಲಿ ಸಿಕ್ಕಿಕೊಂಡರಂತೆ, ಬಿಡಿಸಲು ಮೂರನೆಯ ತರಗತಿಯವರೆಲ್ಲ ಬೇಕಾಯಿತಂತೆ. ಟೈಲರ್ ತೊಡೆ ಬಡಿದುಕೊಂಡು ನಕ್ಕಳು. ಆ ನಗುವನ್ನು ಕೇಳಿ ಎಷ್ಟು ತಿಂಗಳಾಗಿತ್ತು!

ನಗು ಮುಗಿದ ಮೇಲೆ ಅವಳೇ ಹೇಳಿದಳು. ಬಹಳ ಸಾಧಾರಣವಾಗಿ, ಬಟ್ಟೆಯ ಅಳತೆ ಹೇಳುವಂತೆ. "ನನಗೆ ಕಣ್ಣು ಕಾಣಲ್ಲ ಕಣ್ರೇ. ಪೂರ್ತಿ ಅಲ್ಲ. ನಿಮ್ಮ ಅಂಚು ಕಾಣುತ್ತೆ, ಮುಖ ಕಾಣಲ್ಲ. ಹೊಲಿಗೆ ಕೈಗೆ ಗೊತ್ತು, ನಡೀತಿದೆ. ಓದೋಕೆ ಆಗಲ್ಲ. ನಿಮ್ಮ ನೂರೈವತ್ತು ಮೆಸೇಜು ಯಾರು ಓದ್ತಾರೆ?"

ಪೀಟಿ ಅವಳ ಮೊಣಕೈ ಹಿಡಿದುಕೊಂಡಳು. ನರ್ಸಮ್ಮ ಕೆಳಗಿನ ಮೆಟ್ಟಿಲಿನಿಂದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನನಗೆ ಗೊತ್ತಿದ್ದ ವಿಷಯವೇ, ಆದರೂ ಅವಳ ಬಾಯಿಂದ ಕೇಳಿದಾಗ ತಡೆಯಲಾಗಲಿಲ್ಲ. ಮುಖವನ್ನು ಆ ಕಡೆ ತಿರುಗಿಸಿದೆ.

"ಯಾಕೆ ಅಳ್ತಿದ್ದೀಯೇ?" ಎಂದಳು.

"ನಾನೆಲ್ಲಿ ಅಳ್ತಿದ್ದೀನಿ?"

"ಸುಳ್ಳು ಹೇಳ್ಬೇಡ. ಕೈಕೊಟ್ಟಿರೋದು ಕಣ್ಣು, ಕಿವಿ ಅಲ್ಲ."

"ಅವತ್ತು ಹೇಳಿದ್ದನ್ನ ಇನ್ನೊಂದ್ಸಲ ಹೇಳ್ಲಾ?"

"ಬೇಡಪ್ಪಾ ಬೇಡ. ನೀನು ಕ್ಷಮೆ ಕೇಳಿದ್ದು ಕೇಳಿ, ಇವಳಿಗೇನೋ ದೊಡ್ಡ ಕಾಯಿಲೆ ಬಂದಿರ್ಬೇಕು ಅಂತ ಅವತ್ತೆಲ್ಲ ಹೆದರ್ಕೊಂಡಿದ್ದೆ."

ಆಮೇಲೆ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿದಳು. ತೆಗೆದರೆ ಒಳಗೆ ಸೂಜಿಗಳು, ಕಪ್ಪು ಬಿಳಿ ದಾರದ ಉಂಡೆಗಳು. ಯಂತ್ರಕ್ಕೆ ಬೆಳಿಗ್ಗೆ ಮಗಳು ದಾರ ಹಾಕಿಟ್ಟು ಹೋಗುತ್ತಾಳೆ, ಗುಂಡಿ ಹಚ್ಚುವುದು, ಅಂಚು ಮಡಚುವುದು ಕೈಸೂಜಿಯ ಕೆಲಸವಂತೆ. ದಾರ ಪೋಣಿಸಿ ಕೊಟ್ಟರೆ ಅವಳು ಹೊಲಿಯುತ್ತಾಳೆ, ಪೋಣಿಸಲು ಮಾತ್ರ ಆಗುವುದಿಲ್ಲ. ಮಗಳಿಗೆ ಪರೀಕ್ಷೆ ಹತ್ತಿರ ಬಂತು, ಅವಳನ್ನು ಎಷ್ಟೆಂದು ಕರೆಯುವುದು?

"ಬಾಯಿಗೆ ಕೆಲಸ ಕೊಟ್ಟಿದ್ದೀರಲ್ಲ, ಕೈಗೂ ಸ್ವಲ್ಪ ಕೊಡಿ" ಎಂದಳು.

ನಾನು ಕನ್ನಡಕ ಹಾಕಿದೆ. ಪೀಟಿ ನಾಲಿಗೆ ಹೊರಚಾಚಿ ಒಂದು ಕಣ್ಣು ಮುಚ್ಚಿದಳು. ನರ್ಸಮ್ಮ ಮಾತ್ರ ಚಕಚಕನೆ ಪೋಣಿಸುತ್ತ ಹೋದಳು, ದಿನವಿಡೀ ಸೂಜಿ ಹಿಡಿಯುವವಳು. ನಾನು ಮೂರು ಮುಗಿಸುವಷ್ಟರಲ್ಲಿ ಅವಳದು ಹತ್ತಾಗಿತ್ತು. "ನಿಧಾನ ಆಗ್ಲಿ, ಗಂಟು ಸರಿಯಾಗಿ ಹಾಕು" ಎಂದು ಟೈಲರ್ ನನ್ನನ್ನು ಗದರಿದಳು. ಹಾಕಿದ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿ ಎರಡನ್ನು ವಾಪಸು ಕೊಟ್ಟಳು. ನಾನು ಬಿಚ್ಚಿ ಮತ್ತೆ ಹಾಕಿದೆ.

ಕತ್ತಲಾಗುವ ಮೊದಲು ಎಲ್ಲ ಮುಗಿಯಿತು. ಅವಳು ನಮ್ಮನ್ನು ಬಣ್ಣ ಕೇಳಿ ಕೇಳಿ ಒಂದೊಂದೇ ಸೂಜಿಯನ್ನು ಡಬ್ಬಿಯಲ್ಲಿದ್ದ ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು, ಕಪ್ಪು ಒಂದು ಕಡೆ, ಬಿಳಿ ಒಂದು ಕಡೆ. ಮೇಲಿನಿಂದ ಒಮ್ಮೆ ಅಂಗೈ ಆಡಿಸಿದಳು.

"ಇವು ಬುಧವಾರದ ತನಕ ಬರ್ತವೆ" ಎಂದು ಡಬ್ಬಿ ಮುಚ್ಚಿದಳು.